ಮೂರು ಡಬ್ಬಿ, ಒಂದು ಕಿವಿಯೋಲೆ

ಎರಡನೆಯ ಮಹಡಿ, ಅಡುಗೆಮನೆಯ ಮೇಜು
ಹದಿನಾಲ್ಕನೆಯ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಚೂಟಿ,

ಕಾಗದ ನೋಡಿದ ಕೂಡಲೇ ಗಾಬರಿಯಾಗಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಕಾಲಿನ ಊತ ಇಳಿದಿದೆ, ನಿಮ್ಮಪ್ಪನ ಗೊರಕೆ ಮಾತ್ರ ಇಳಿದಿಲ್ಲ. ಬೆಳಿಗ್ಗೆ ತಾನೇ ಫೋನಿನಲ್ಲಿ ಮಾತಾಡಿದವಳು ಮಧ್ಯಾಹ್ನ ಕಾಗದ ಬರೆಯುತ್ತಾಳಲ್ಲ, ಅಮ್ಮನಿಗೆ ಏನು ಬಂತಪ್ಪಾ ಎಂದುಕೊಳ್ಳುತ್ತೀಯ. ಫೋನಿನಲ್ಲಾದರೆ ನಾನು ಎರಡು ಮಾತಾಡುವಷ್ಟರಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ. ಇದನ್ನು ಒಂದೇ ಉಸಿರಿಗೆ ಹೇಳಬೇಕು, ಇಲ್ಲದಿದ್ದರೆ ನನ್ನ ಧೈರ್ಯ ಅರ್ಧದಾರಿಯಲ್ಲೇ ಕೈಕೊಡುತ್ತದೆ. ಅಂಚೆ ಕಚೇರಿಯ ಪಾರ್ಸೆಲ್ ಕಿಟಕಿಯಲ್ಲಿ ಮೂವತ್ತೊಂದು ವರ್ಷ ಕೂತವಳು ನಾನು. ಬೇರೆಯವರ ಕಾಗದ ಲಕ್ಷಗಟ್ಟಲೆ ಸಾಗಿಸಿದ್ದೇನೆ, ನಾನಾಗಿ ಬರೆದದ್ದು ಬೆರಳೆಣಿಕೆಯಷ್ಟು. ಆದ್ದರಿಂದ ಕೂತು ಓದು. ಕೈಯಲ್ಲಿ ಟೀ ಲೋಟ ಇದ್ದರೆ ಕೆಳಗಿಡು.

ಬೆಳಿಗ್ಗೆ ನಿನ್ನ ದನಿಯಲ್ಲಿ ಎಷ್ಟು ಖುಷಿಯಿತ್ತು! ಗುರುವಾರ ನಗರಸಭೆಯ ಮುಂದೆ ನಿಂತು ವರದಿ ಓದುತ್ತೀಯಂತೆ. ಆರು ಕಟ್ಟಡಗಳಲ್ಲಿ ಹತ್ತು ವಾರ ನಡೆದ ನಿನ್ನ ಮೂರು ಕಸದ ಡಬ್ಬಿಗಳ ಪ್ರಯೋಗದಲ್ಲಿ ನಮ್ಮ ಕಟ್ಟಡವೇ ಮೊದಲಂತೆ, ಉಳಿದ ಐದೂ ಕುಂಟುತ್ತಿವೆಯಂತೆ. ಸಭೆ ಒಪ್ಪಿದರೆ ಊರಿಗೆಲ್ಲ ಮೂರು ಡಬ್ಬಿ, ಬೀದಿ ಬೀದಿಗೂ ಗಾಡಿ. ಒಪ್ಪದಿದ್ದರೆ ನಿನ್ನ ಯೋಜನೆಗೆ ಬೀಗ, ಊರಾಚೆಯ ಕಸದ ಗುಡ್ಡ ಇನ್ನೂ ಎತ್ತರ. ಇಷ್ಟೆಲ್ಲ ಹೇಳಿ ಕೊನೆಗೆ ಕೇಳಿದೆಯಲ್ಲ, "ಅಮ್ಮಾ, ನಿಮ್ಮ ಬಿಲ್ಡಿಂಗಿನವರು ಅಂಥಾದ್ದು ಏನ್ ಮಾಡ್ತಾರೆ? ಹೇಳು, ಅದನ್ನೇ ಬರೆದು ಊರಿಗೆಲ್ಲ ಮಾಡಿಸ್ತೀನಿ" ಎಂದು. ನಾನು, ಜನ ಒಳ್ಳೆಯವರು ಕಣೇ ಎಂದವಳೇ, ಒಲೆಯ ಮೇಲೆ ಹಾಲಿದೆ ಎಂದು ಫೋನ್ ಇಟ್ಟುಬಿಟ್ಟೆ. ಒಲೆಯ ಮೇಲೆ ಹಾಲು ಇರಲಿಲ್ಲ.

ಚೂಟಿ, ಮೊದಲ ಏಳು ವಾರ ನಮ್ಮ ಕಟ್ಟಡದವರು ಏನೂ ಮಾಡಲಿಲ್ಲ. ಮಾಡಿದ್ದೆಲ್ಲ ನಾನು.

ಬಯ್ಯಬೇಡ, ಪೂರ್ತಿ ಓದು. ಮೊದಲ ವಾರದ ಕಥೆ ನಿನಗೆ ಗೊತ್ತಿಲ್ಲ. ಮಗಳು ತನ್ನ ಮನೆಗೇ ಸೌಕರ್ಯ ಮಾಡಿಕೊಂಡಳು ಎಂದು ಯಾರೂ ಬೆರಳು ತೋರಿಸಬಾರದು ಎಂದು ನೀನು ಬರದೆ, ಕಚೇರಿಯ ಇಬ್ಬರನ್ನು ಕಳಿಸಿದೆ. ಅವರು ಮೆಟ್ಟಿಲ ಕೆಳಗೆ ಹಸಿರು, ನೀಲಿ, ಹಳದಿ ಡಬ್ಬಿ ಇಟ್ಟು, ಹಸಿಯದು ಹಸಿರಿಗೆ, ಕಾಗದ ನೀಲಿಗೆ, ಪ್ಲಾಸ್ಟಿಕ್ಕು ತಗಡು ಗಾಜು ಹಳದಿಗೆ ಎಂದು ಹೇಳಿ ಹೋದರು. ಹನ್ನೆರಡು ಮನೆಯವರೂ ತಲೆಯಾಡಿಸಿದರು. ಮಾರನೆಯ ದಿನ ನೋಡಿದರೆ ಮೂರರಲ್ಲೂ ಎಲ್ಲವೂ ಇತ್ತು. ಹಸಿರು ಡಬ್ಬಿಯಲ್ಲಿ ಒಂದು ಹರಿದ ಚಪ್ಪಲಿ, ನೀಲಿಯಲ್ಲಿ ಈರುಳ್ಳಿ ಸಿಪ್ಪೆ, ಹಳದಿಯಲ್ಲಿ ಯಾರದೋ ದಿಂಬಿನ ಹತ್ತಿ. ಬೆಳಿಗ್ಗೆ ಆರೂವರೆಗೆ ಕಸದ ಗಾಡಿ ತರುವ ನಮ್ಮ ಗಾಡಿಯಕ್ಕ ಬಂದು ಮುಚ್ಚಳ ಎತ್ತಿದಳು, ಮುಖ ಸಿಂಡರಿಸಿದಳು, ಮೂರಕ್ಕೂ ಕೆಂಪು ಚೀಟಿ ಅಂಟಿಸಿ ಗಂಟೆ ಬಾರಿಸಿಕೊಂಡು ಹೊರಟೇಬಿಟ್ಟಳು. ಅವಳ ತಪ್ಪಲ್ಲ, ಬೆರೆತದ್ದನ್ನು ಎತ್ತಬಾರದು ಎಂಬ ನಿಯಮ ನಿನ್ನದೇ.

ಇಡೀ ದಿನ ಆ ಡಬ್ಬಿಗಳು ಅಲ್ಲೇ ನಾರಿದವು. ಸಾಯಂಕಾಲ ಮೂರನೆಯ ಮಹಡಿಯ ಲೆಕ್ಕದ ಮೇಷ್ಟ್ರು ಮೂಗಿಗೆ ಕರವಸ್ತ್ರ ಹಿಡಿದು ಮೆಟ್ಟಿಲ ಮೇಲೆ ನಿಂತು ಭಾಷಣ ಮಾಡಿದರು. ಅವರು ನಿವೃತ್ತರಾಗಿ ಒಂಬತ್ತು ವರ್ಷವಾದರೂ ಎದುರಿಗಿರುವವರೆಲ್ಲ ಅವರಿಗೆ ಏಳನೇ ತರಗತಿಯೇ. "ಯಾವನೋ ತಲೆಕೆಟ್ಟವನು ಎ.ಸಿ. ರೂಮಲ್ಲಿ ಕೂತು ಮಾಡಿದ ಯೋಜನೆ ರೀ ಇದು! ಅವನ ಕೈಲೊಂದು ದಿನ ಈ ಡಬ್ಬಿ ತೆಗೆಸಬೇಕು" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ ಕಣೇ. ಆ ತಲೆಕೆಟ್ಟವನು ನನ್ನ ಮಗಳು ಎಂದು ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದರೆ, ಎಂಟು ತಿಂಗಳ ಹಿಂದೆ ನೀನು ಬ್ಯಾಂಕಿನ ಕೆಲಸ ಬಿಟ್ಟು ನಗರಸಭೆಯ ಕಸದ ಇಲಾಖೆಗೆ ಸೇರಿದಾಗ ನಾನು ಕಟ್ಟಡದವರಿಗೆಲ್ಲ, ಮಗಳು ನೀರಿನ ಇಲಾಖೆಗೆ ಸೇರಿದ್ದಾಳೆ ಎಂದಿದ್ದೆ. ಕಸ ಎಂಬ ಮಾತು ನನ್ನ ಬಾಯಿಂದ ಹೊರಡಲೇ ಇಲ್ಲ. ನಿನಗೆ ನೆನಪಿರಬೇಕು, ನೀನು ಕೆಲಸಕ್ಕೆ ಸೇರುವ ಹಿಂದಿನ ವಾರ ಪೂರ್ತಿ ನಾನು ನಿನ್ನ ಜೊತೆ ಮಾತು ಬಿಟ್ಟಿದ್ದೆ. ಮೊದಲ ದಿನ, ಆಗಿನ್ನೂ ಈ ಮನೆಯಲ್ಲೇ ಇದ್ದ ನೀನು, ಕಚೇರಿಯವರು ಕೊಟ್ಟ ಕಿತ್ತಳೆ ಬಣ್ಣದ ಕೈಗವಸು ಸಿಗದೆ ಮನೆಯೆಲ್ಲ ಜಾಲಾಡಿ, ಕೊನೆಗೆ ಅವಿಲ್ಲದೆಯೇ, ಅರ್ಧ ಗಂಟೆ ತಡವಾಗಿ, ಅಳುಮುಖದಲ್ಲಿ ಹೊರಟಿದ್ದೆ. ನಾನೂ ಮಂಚದ ಕೆಳಗೆ ಬಗ್ಗಿ ಹುಡುಕಿದ್ದೆ. ಅದಿರಲಿ.

ಮೇಷ್ಟ್ರು ಭಾಷಣ ಮಾಡಿದ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನಗೆ ನಾಚಿಕೆಯಾಗಿದ್ದು ಒಂದು ವಿಷಯ, ಬೇರೆಯವರು ನಿನ್ನನ್ನು ಆಡಿಕೊಂಡಿದ್ದು ಬೇರೆ ವಿಷಯ. ನಾನು ನಿನ್ನನ್ನು ಏನು ಬೇಕಾದರೂ ಅನ್ನಬಹುದು, ಹೆತ್ತಿದ್ದೇನೆ. ಮೇಷ್ಟ್ರು ಯಾರು ಅನ್ನುವುದಕ್ಕೆ? ಬೆಳಗಿನ ಐದು ಗಂಟೆಗೆ ಎದ್ದು, ನಿಮ್ಮಪ್ಪನ ಟಾರ್ಚು ತೆಗೆದುಕೊಂಡು, ಕೈಗವಸು ಹಾಕಿಕೊಂಡು ಕೆಳಗಿಳಿದೆ. ಮೂರು ಡಬ್ಬಿಯನ್ನೂ ಹಳೆಯ ಚಾಪೆಯ ಮೇಲೆ ಸುರಿದೆ. ಸೆರಗನ್ನು ಮೂಗಿಗೆ ಕಟ್ಟಿಕೊಂಡೆ. ಆಮೇಲೆ ಏನೋ ಪಾರ್ಸೆಲ್ ವಿಭಾಗ ನೆನಪಾಯಿತು. ಇದು ಉತ್ತರದ ಚೀಲಕ್ಕೆ, ಇದು ದಕ್ಷಿಣದ ಚೀಲಕ್ಕೆ ಎಂದು ಎಸೆಯುತ್ತಿದ್ದ ಕೈ ತಾನಾಗಿ ನಡೆಯಿತು. ಆರೂವರೆಗೆ ಗಾಡಿಯಕ್ಕ ಮುಚ್ಚಳ ಎತ್ತಿ, "ಅಬ್ಬಾ, ಒಂದೇ ದಿನಕ್ಕೆ ಬುದ್ಧಿ ಬಂತಲ್ಲಪ್ಪ ಇವ್ರಿಗೆ!" ಎಂದದ್ದು ನಮ್ಮ ಬಾಲ್ಕನಿಗೂ ಕೇಳಿಸಿತು. ನಾನು ಮೇಲೆ ನಿಂತು ಕೈ ತೊಳೆಯುತ್ತಾ ಹುಚ್ಚಿಯ ಹಾಗೆ ಒಬ್ಬಳೇ ನಕ್ಕೆ.

ಒಂದು ದಿನ ಅಂದುಕೊಂಡದ್ದು ಏಳು ವಾರವಾಯಿತು. ನಾನು ವಾಕಿಂಗ್ ಹೋಗುತ್ತೇನೆ ಎಂದು ನಿಮ್ಮಪ್ಪ ನಂಬಿದ್ದರು. ಸಿಕ್ಕಸಿಕ್ಕವರ ಹತ್ತಿರ, ನಮ್ಮನೆಯವಳು ಈ ವಯಸ್ಸಲ್ಲಿ ದಿನಾ ಒಂದು ಗಂಟೆ ನಡೀತಾಳೆ ಎಂದು ಕೊಚ್ಚಿಕೊಂಡೂ ಬಂದರು. ಕಸ ನೋಡಿದರೆ ಯಾರ ಮನೆಯದು ಎಂದು ಹೇಳುವ ಮಟ್ಟಕ್ಕೆ ಬಂದಿದ್ದೆ. ಕೆಳಗಿನ ಅಂಗಡಿಯ ಟೈಲರಣ್ಣನದು ದಾರದ ತುಂಡು, ಮೂರನೆಯ ಮಹಡಿಯ ನರ್ಸಮ್ಮನದು ಬರೀ ಬ್ರೆಡ್ಡಿನ ಅಂಚು, ಪಾಪ ಅಡುಗೆ ಮಾಡಿಕೊಳ್ಳಲು ಪುರುಸೊತ್ತಿಲ್ಲ. ಸಕ್ಕರೆ ಬಿಟ್ಟಿದ್ದೇನೆ ಎಂದು ಎಲ್ಲರಿಗೂ ಉಪದೇಶ ಮಾಡುವ ಮೇಷ್ಟ್ರ ಚೀಲದಲ್ಲಿ ದಿನಕ್ಕೆ ನಾಲ್ಕು ಚಾಕೊಲೇಟಿನ ಕಾಗದ. ನನಗೆ ಹೊಟ್ಟೆ ಹುಣ್ಣಾಗುವಷ್ಟು ನಗು, ಯಾರಿಗೂ ಹೇಳುವ ಹಾಗಿಲ್ಲ.

ಈಗ ಇನ್ನೊಂದು ಒಪ್ಪಿಕೊಳ್ಳಬೇಕು. ಐದನೆಯ ವಾರದಲ್ಲಿ ನೀನು ಫೋನಿನಲ್ಲಿ ಕೂಗಾಡಿದ್ದೆಯಲ್ಲ? ನಿಮ್ಮ ಬಿಲ್ಡಿಂಗಲ್ಲಿ ಯಾರೋ ಒಬ್ಬ ಪುಣ್ಯಾತ್ಮ ಜ್ಯೂಸಿನ ರಟ್ಟಿನ ಡಬ್ಬಿಗಳನ್ನು ತೊಳೆದು, ಚಪ್ಪಟೆ ಮಾಡಿ, ಹತ್ತತ್ತರ ಕಟ್ಟು ಕಟ್ಟಿ ಕಾಗದದ ಜೊತೆ ಇಡ್ತಾನೆ, ಅದರ ಒಳಗೆ ಪ್ಲಾಸ್ಟಿಕ್ಕೂ ಬೆಳ್ಳಿಹಾಳೆಯೂ ಇರುತ್ತೆ ಅನ್ನೋದು ಗೊತ್ತಿಲ್ವಾ ಅವನಿಗೆ, ಕಾಗದದ ಮಿಲ್ಲಿನವರು ಇಡೀ ಲೋಡು ವಾಪಸ್ ಕಳಿಸಿದ್ದಾರೆ, ಸಿಕ್ಕಿದರೆ ಕಿವಿ ಹಿಂಡ್ತೀನಿ ಎಂದು. ನಾನು, ಅಯ್ಯೋ ಎಂಥೆಂಥಾ ಜನ ಇರ್ತಾರಪ್ಪ ಎಂದೆ. ನೀನು ಆ ಕಟ್ಟನ್ನು ಕಣ್ಣಾರೆ ನೋಡಿದ್ದರೆ ಆವತ್ತೇ ನಾನು ಸಿಕ್ಕಿಬೀಳುತ್ತಿದ್ದೆ. ಅಂಥ ಗಂಟು ಈ ಊರಿನಲ್ಲಿ ಪಾರ್ಸೆಲ್ ಕಿಟಕಿಯವರು ಬಿಟ್ಟರೆ ಯಾರೂ ಹಾಕುವುದಿಲ್ಲ. ಗಾಡಿಯಕ್ಕ ಪ್ರತಿ ಸಲ ಕತ್ತರಿಯಲ್ಲೇ ಕತ್ತರಿಸಿದ್ದಾಳೆ. ಮಾರನೆಯ ದಿನದಿಂದ ಅವನ್ನು ಹಳದಿ ಡಬ್ಬಿಗೆ ಹಾಕಬೇಕಿತ್ತು ತಾನೇ? ಹಾಕಲಿಲ್ಲ. ಹೊರಗಿನಿಂದ ರಟ್ಟಿನ ಹಾಗೇ ಕಾಣುತ್ತದೆ, ಇವಳಿಗೇನು ಗೊತ್ತು, ನಿನ್ನೆ ಮೊನ್ನೆ ಬಂದವಳು, ಪ್ಯಾಕಿಂಗಿನ ವಿಷಯದಲ್ಲಿ ನನಗೆ ಹೇಳಿಕೊಡುತ್ತಾಳೆ ಎಂದು ಅಲ್ಲೇ ಹಾಕುತ್ತಾ ಹೋದೆ. ನಿನ್ನ ಹಠ ಎಲ್ಲಿಂದ ಬಂತು ಎಂದು ಇನ್ನು ಮೇಲೆ ಯಾರನ್ನೂ ಕೇಳಬೇಡ.

ಎಂಟನೆಯ ವಾರದ ಮೊದಲ ದಿನ ನಾನು ಬಿದ್ದೆ. ಮನೆಯಲ್ಲಿ ಕಾಲು ಉಳುಕಿತು ಎಂದು ನಿನಗೆ ಹೇಳಿದ್ದು ಅರ್ಧ ನಿಜ, ಮನೆಯಲ್ಲಲ್ಲ, ಕೆಳಗಿನಿಂದ ಮೂರನೆಯ ಮೆಟ್ಟಿಲಲ್ಲಿ. ದೊಪ್ಪನೆ ಸದ್ದಾಯಿತು. ಬೇಗ ಅಂಗಡಿ ತೆಗೆಯುವ ಟೈಲರಣ್ಣ ಓಡಿಬಂದು ನೋಡಿದರೆ, ಡಬ್ಬಿಗಳ ನಡುವೆ ಟಾರ್ಚು ಹಿಡಿದು, ಮೊಣಕೈವರೆಗೆ ಕೈಗವಸು ಹಾಕಿಕೊಂಡು ನಾನು ಕಾಲು ಚಾಚಿ ಕೂತಿದ್ದೇನೆ. "ಇದೇನಕ್ಕಾ, ಇಷ್ಟೊತ್ತಲ್ಲಿ ಇಲ್ಲಿ?" ಎಂದ. ತಿರುಪು ಸಡಿಲವಾಗಿದೆ ಎಂದು ಎಡಗಿವಿಯ ಓಲೆಯನ್ನು ಹಿಂದಿನ ದಿನ ಬಿಚ್ಚಿಟ್ಟಿದ್ದೆ. ಕೈ ಸುಮ್ಮನೆ ಆ ಬೋಳು ಕಿವಿಗೆ ಹೋಯಿತು, ಬಾಯಿ ಅದರ ಹಿಂದೆಯೇ ಹೋಯಿತು. ಕಿವಿಯೋಲೆ ಕಸದಲ್ಲಿ ಬಿದ್ದುಹೋಗಿದೆ ಕಣಪ್ಪ, ಹುಡುಕುತ್ತಿದ್ದೆ ಎಂದೆ.

ಚೂಟಿ, ನಾನು ಆಡಿದ ಸುಳ್ಳುಗಳಲ್ಲಿ ಇಷ್ಟು ದುಡಿದ ಸುಳ್ಳು ಇನ್ನೊಂದಿಲ್ಲ.

ಡಾಕ್ಟರು ಕಾಲಿಗೆ ಪಟ್ಟಿ ಸುತ್ತಿ ಹಾಸಿಗೆ ಬಿಟ್ಟು ಏಳಬಾರದು ಎಂದರು. ನಾನು ಮಲಗಿ ಲೆಕ್ಕ ಹಾಕುತ್ತಿದ್ದೆ, ನಾಳೆ ಕೆಂಪು ಚೀಟಿ, ನಾಡಿದ್ದು ಕೆಂಪು ಚೀಟಿ, ಮುಗಿಯಿತು ಮಗಳ ಯೋಜನೆ ಎಂದು. ಕಾಲಿನ ನೋವಿಗೆ ಅಳುತ್ತಿದ್ದೇನೆ ಎಂದು ನಿಮ್ಮಪ್ಪ ಮುಲಾಮು ತಿಕ್ಕಿದ್ದೂ ತಿಕ್ಕಿದ್ದೇ. ಮಾರನೆಯ ಬೆಳಿಗ್ಗೆ ಗಾಡಿಯ ಗಂಟೆ ಕೇಳಿಸಿತು. ಕಿವಿಗೊಟ್ಟು ಮಲಗಿದ್ದೆ. ಮುಚ್ಚಳ ಎತ್ತಿದ ಸದ್ದು, ಆಮೇಲೆ ಸುರಿದ ಸದ್ದು. ಗಾಡಿ ಎಲ್ಲವನ್ನೂ ತೆಗೆದುಕೊಂಡು ಹೋಗಿತ್ತು! ಅದರ ಮಾರನೆಯ ದಿನವೂ ಹೋಯಿತು. ನನಗೆ ತಲೆಬುಡ ಅರ್ಥವಾಗಲಿಲ್ಲ.

ಕೊನೆಗೆ ನಿಮ್ಮಪ್ಪ ಹೇಳಿದರು. ಟೈಲರಣ್ಣ ಇಡೀ ಕಟ್ಟಡಕ್ಕೆ ಸುದ್ದಿ ಮುಟ್ಟಿಸಿದ್ದನಂತೆ, ಪಾರ್ಸೆಲ್ ಅಮ್ಮನ ಕಿವಿಯೋಲೆ ಕಸದಲ್ಲಿ ಹೋಗಿದೆ, ಹುಡುಕಲು ಹೋಗಿ ಕಾಲು ಮುರಿದುಕೊಂಡಿದ್ದಾರೆ ಎಂದು. ಉಳುಕಿದ್ದು ಅವನ ಬಾಯಲ್ಲಿ ಮುರಿಯಿತು. ಓಲೆ ಯಾರ ಮನೆಯವರು ಗುಡಿಸಿದ ಕಸದಲ್ಲಾದರೂ ಸೇರಿಕೊಂಡಿರಬಹುದು ಎಂದು ಅವತ್ತಿನಿಂದ ಹನ್ನೆರಡು ಮನೆಯವರೂ ತಂತಮ್ಮ ಕಸವನ್ನು ಬೆಳಿಗ್ಗೆ ಕೆಳಗೆ ತಂದು, ಕಾಗದ ಕಾಗದ ಬಿಡಿಸಿ, ಸಿಪ್ಪೆ ಸಿಪ್ಪೆ ಕೊಡವಿ, ಡಬ್ಬಿ ಡಬ್ಬಿ ಅಲ್ಲಾಡಿಸಿ ನೋಡಿಯೇ ಹಾಕುತ್ತಿದ್ದಾರೆ. ಅಷ್ಟು ಬಿಡಿಸಿದ ಮೇಲೆ ಮತ್ತೆ ಬೆರೆಸಲು ಯಾರಿಗೆ ಮನಸ್ಸು ಬರುತ್ತದೆ? ಇದ್ದ ಮೂರು ಡಬ್ಬಿಗೆ ಸರಿಯಾಗಿ ಹಾಕಿದ್ದಾರೆ. ಕಿವಿಯೋಲೆ ಸಿಗಲಿಲ್ಲ. ಟೈಲರಣ್ಣ ಹೊಲಿಯುವಾಗ ಬೆರಳಿಗೆ ಹಾಕುವ ಗವಚ ಸಿಕ್ಕಿತು, ನರ್ಸಮ್ಮನ ಬೀರುವಿನ ಕೀಲಿಕೈ ಸಿಕ್ಕಿತು.

ಬಿದ್ದ ಎಂಟನೆಯ ದಿನ ನನಗೆ ತಡೆಯಲಾಗಲಿಲ್ಲ. ನಿಮ್ಮಪ್ಪನ ಹೆಗಲು ಹಿಡಿದು ಕುಂಟುತ್ತಾ ಇಳಿದೆ. ಎಲ್ಲರೂ ಅಲ್ಲೇ ಇದ್ದರು. ಲೆಕ್ಕದ ಮೇಷ್ಟ್ರು, ಆ ಭಾಷಣದ ಮೇಷ್ಟ್ರು, ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು ಹನ್ನೆರಡು ಮನೆಯ ಟೀ ಚರಟವನ್ನು ಜರಡಿಯಲ್ಲಿ ಸೋಸುತ್ತಿದ್ದರು. ನನ್ನನ್ನು ಕಂಡು, "ಚಿಕ್ಕ ವಸ್ತು ನೋಡಿಮ್ಮಾ, ಚರಟದಲ್ಲಿ ಸೇರಿಕೊಂಡ್ರೆ ಗೊತ್ತಾಗಲ್ಲ. ನೀವು ಧೈರ್ಯವಾಗಿರಿ, ಸಿಕ್ಕೇ ಸಿಗುತ್ತೆ" ಎಂದರು. ಅವರ ಬಿಳಿ ಅಂಗಿಯ ತೋಳೆಲ್ಲ ಕಂದು ಕಲೆ. ನನಗೆ ಅಳು ಒತ್ತರಿಸಿ ಬಂತು. ಅಲ್ಲೇ ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿಬಿಟ್ಟೆ. ಕಿವಿಯೋಲೆ ಮೇಜಿನ ಖಾನೆಯಲ್ಲಿದೆ, ಏಳು ವಾರ ಬೇರೆ ಮಾಡಿದ್ದು ನಾನು, ನನ್ನ ಮಗಳು ನೀರಿನ ಇಲಾಖೆಯಲ್ಲಿಲ್ಲ, ಕಸದ ಇಲಾಖೆಯಲ್ಲಿದ್ದಾಳೆ, ಆ ತಲೆಕೆಟ್ಟವನು ಅವಳೇ ಎಂದೆ.

ಮೇಷ್ಟ್ರು ಜರಡಿ ಕೆಳಗಿಟ್ಟರು. ಇನ್ನೇನು ಬೈಗುಳದ ಮಳೆ ಎಂದುಕೊಂಡೆ. "ಅಲ್ಲಮ್ಮಾ, ಆ ಹುಡುಗಿಗೆ ನಾನು ಈ ಮೆಟ್ಟಿಲ ಮೇಲೇ ಭಾಗಾಕಾರ ಹೇಳಿಕೊಟ್ಟಿದ್ದೀನಿ. ಅವಳದ್ದು ಅಂತ ಒಂದು ಮಾತು ಹೇಳಿದ್ರೆ ಮೊದಲ ದಿನವೇ ಮಾಡ್ತಿದ್ವಲ್ಲ!" ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡು, ದನಿ ತಗ್ಗಿಸಿ ಕೇಳಿದರು, "ಏಳು ವಾರ ಅಂದ್ರಲ್ಲ, ನಮ್ಮನೆ ಚೀಲವೂ ಬಿಚ್ಚಿದ್ರಾ?" ನಾನು, ಯಾರಿಗೂ ಹೇಳಿಲ್ಲ ಮೇಷ್ಟ್ರೇ ಎಂದೆ. ಅವರ ಹೆಂಡತಿ, ಏನದು ಹೇಳದೇ ಇರೋದು ಎಂದರು. ಅಲ್ಲಿಂದ ಶುರುವಾಯಿತು ನೋಡು ನಗು! ಟೈಲರಣ್ಣ ಗೋಡೆ ಹಿಡಿದುಕೊಂಡು ನಕ್ಕ. ಅಷ್ಟರಲ್ಲಿ ಗಂಟೆ ಬಾರಿಸಿಕೊಂಡು ಬಂದ ಗಾಡಿಯಕ್ಕ ನೀಲಿ ಡಬ್ಬಿ ಇಣುಕಿ ನೋಡಿ, "ಏನ್ರೀ, ಆ ಜ್ಯೂಸ್ ಡಬ್ಬಿ ಪುಣ್ಯಾತ್ಮ ಮನೆ ಖಾಲಿ ಮಾಡಿದ್ನಾ? ಒಂದು ವಾರದಿಂದ ಒಂದು ಕಟ್ಟೂ ಇಲ್ಲ!" ಎಂದಳು. ನಾನು ಕೈ ಎತ್ತಿದೆ. ಇಡೀ ಕಟ್ಟಡದಲ್ಲಿ ತಪ್ಪು ಡಬ್ಬಿಗೆ ಹಾಕುತ್ತಿದ್ದವಳು ಕೊನೆಗೆ ಉಳಿದದ್ದು ನಾನೊಬ್ಬಳೇ ಕಣೇ. ನಿಮ್ಮಪ್ಪನಿಗೆ ಮಾತ್ರ ನಗು ಬರಲಿಲ್ಲ, ಹಾಗಾದ್ರೆ ನೀನು ವಾಕಿಂಗೇ ಹೋಗ್ತಿರಲಿಲ್ವಾ ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದರು.

ಇಷ್ಟಾದ ಮೇಲೆ ಕಸ ಮತ್ತೆ ಬೆರೆಯುತ್ತದೋ ಏನೋ ಎಂಬ ಹೆದರಿಕೆ ನನಗಿತ್ತು. ಕಿವಿಯೋಲೆಯಿಲ್ಲ ಎಂದ ಮೇಲೆ ಯಾರು ಹುಡುಕುತ್ತಾರೆ? ಆದರೆ ನರ್ಸಮ್ಮ ಒಂದು ಮಾತು ಹೇಳಿದಳು. ಒಂದು ವಾರ ಕೈಯಾಡಿಸಿದ ಮೇಲೆ ತನಗೆ ಮನೆಯಲ್ಲೇ ಕೈ ತಡೆಯುತ್ತದಂತೆ, ಒದ್ದೆ ಸಿಪ್ಪೆ ಕಾಗದದ ಮೇಲೆ ಹಾಕಲು ಹೋದರೆ ನಾಳೆ ಬಿಡಿಸುವವರ ಮುಖ ಕಣ್ಣೆದುರು ಬರುತ್ತದಂತೆ. ಅದಕ್ಕೆ ಮೇಷ್ಟ್ರು ಸ್ಕೇಲು ಹಿಡಿದು ಗೆರೆ ಎಳೆದು ಒಂದು ಪಟ್ಟಿ ಮಾಡಿದರು, ಡಬ್ಬಿ ಪಾಳಿ. ವಾರಕ್ಕೊಂದು ಮನೆಯವರು ಬೆಳಿಗ್ಗೆ ಆರಕ್ಕೆ ಡಬ್ಬಿಯ ಹತ್ತಿರ ನಿಂತು, ಬೆರೆತದ್ದಿದ್ದರೆ ಬಿಡಿಸಿ ಗಾಡಿಗೆ ಒಪ್ಪಿಸಬೇಕು. ಮೊದಲ ವಾರ ಅವರೇ ನಿಂತರು, ಅಂಗಿ ತೋಳು ಮಡಿಸಿಕೊಂಡು. ಎರಡನೆಯ ವಾರ ಟೈಲರಣ್ಣ. ಒಂಬತ್ತು ಹತ್ತನೆಯ ವಾರದ ತೂಕ ಗಾಡಿಯಕ್ಕನ ಪುಸ್ತಕದಲ್ಲಿ ನೋಡು. ನಾನು ಒಬ್ಬಳೇ ಮಾಡಿದಾಗ ನೂರಕ್ಕೆ ತೊಂಬತ್ತೊಂದು ಸರಿಯಿತ್ತು, ಇವರು ಮಾಡಿದಾಗ ತೊಂಬತ್ತೇಳು. ನನ್ನ ಜ್ಯೂಸ್ ಡಬ್ಬಿಗಳಿಲ್ಲವಲ್ಲ!

ಈಗ ಗುರುವಾರದ ಮಾತು. ಮೊದಲ ಎಂಟು ವಾರ ನಿನ್ನ ವರದಿಯಿಂದ ಹೊಡೆದುಹಾಕು ಚೂಟಿ. ಏಳು ವಾರ ನನ್ನವು, ಒಂದು ವಾರ ಕಿವಿಯೋಲೆಯದು. ಕೊನೆಯ ಎರಡು ವಾರ ಮಾತ್ರ ನಿಜ. ನಿನಗೆ ಎದೆ ಧಸಕ್ಕೆನ್ನುತ್ತದೆ, ಗೊತ್ತು, ಹತ್ತು ವಾರದ ಲೆಕ್ಕ ಎರಡಕ್ಕೆ ಇಳಿದರೆ ಸಭೆಯವರು ಹುಬ್ಬೇರಿಸುತ್ತಾರೆ. ಯೋಜನೆ ಬಿದ್ದೇ ಹೋದರೂ ಹೋಗಬಹುದು, ಅದು ನನ್ನಿಂದ. ಅದನ್ನು ನೆನೆದರೆ ನನಗೆ ಊಟ ಸೇರುತ್ತಿಲ್ಲ. ಆದರೆ ಸುಮ್ಮನಿದ್ದರೆ ನೀನು ಊರಿಗೆಲ್ಲ ಡಬ್ಬಿ ಇಟ್ಟು ಕೂರುತ್ತೀಯ, ಎಲ್ಲ ಕಡೆ ಕೆಂಪು ಚೀಟಿ ಬೀಳುತ್ತದೆ. ಬೀದಿಗೊಬ್ಬಳು ಅಮ್ಮನನ್ನು ಎಲ್ಲಿಂದ ತರುತ್ತೀಯೆ? ಪಾಳಿಯನ್ನಾದರೆ ಎಲ್ಲಿ ಬೇಕಾದರೂ ತರಬಹುದು. ಉಳಿದ ಐದು ಕಟ್ಟಡಕ್ಕೂ ಮೊದಲು ಅದನ್ನು ಕೊಟ್ಟು ನೋಡುತ್ತೇನೆ, ಇನ್ನು ಹತ್ತು ವಾರ ಕೊಡಿ ಎಂದು ಕೇಳು. ನಮ್ಮ ಕಟ್ಟಡದಲ್ಲಿ ಏನು ಮಾಡಿದರು ಎಂದು ಬೆಳಿಗ್ಗೆ ಕೇಳಿದೆಯಲ್ಲ, ಇದೇ ಅದು. ಹಾಲು ಉಕ್ಕಿದ್ದಕ್ಕೆ ಉತ್ತರ ತಡವಾಯಿತು.

ನೀನು ಒಬ್ಬಳೇ ನಿಲ್ಲಬೇಕಾಗಿಲ್ಲ. ಗುರುವಾರ ಹನ್ನೆರಡು ಮನೆಯವರೂ ಬರುತ್ತೇವೆ, ಹಿಂದಿನ ಸಾಲಿನಲ್ಲಿ ಕೂರುತ್ತೇವೆ. ಮೇಷ್ಟ್ರು ತಮಗೆ ಎರಡು ನಿಮಿಷ ಮಾತಾಡಲು ಕೊಡಬೇಕು ಎಂದಿದ್ದಾರೆ, ಅಂದರೆ ಅರ್ಧ ಗಂಟೆ. ಯಾರಾದರೂ ಎದ್ದು ಈ ಸುಳ್ಳು ಲೆಕ್ಕ ಯಾರು ಮಾಡಿದ್ದು ಎಂದರೆ ನಾನೇ ಎದ್ದು ನಿಲ್ಲುತ್ತೇನೆ. ಇವಳ ಅಮ್ಮ ಎಂದೇ ಹೇಳುತ್ತೇನೆ, ಮೈಕು ಕೊಡದಿದ್ದರೂ ಕೇಳಿಸುವಷ್ಟು ಜೋರಾಗಿ.

ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ನಾಳೆ ಬೆಳಿಗ್ಗೆ ಗಾಡಿಯಕ್ಕನ ಕೈಗೆ ಕೊಡುತ್ತೇನೆ, ಎಂಟು ಗಂಟೆಗೆಲ್ಲ ನಿನ್ನ ಮೇಜಿನ ಮೇಲಿರುತ್ತದೆ. ಅಂಚೆಯವರು ಮೂರು ದಿನ ಮಾಡುತ್ತಾರೆ, ನಾನು ಹೇಳಿದೆ ಎಂದು ಯಾರಿಗೂ ಹೇಳಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಬುಧವಾರ ಬೇಗ ಮಲಗು.

ನಿನ್ನ ಮೇಲೆ ಬೆಟ್ಟದಷ್ಟು ಹೆಮ್ಮೆಯಿರುವ, ಅದನ್ನು ಎಂಟು ತಿಂಗಳು ತಡವಾಗಿ ಹೇಳುತ್ತಿರುವ,
ಅಮ್ಮ

ತಾ.ಕ.: ಕಾಗದದ ಜೊತೆಗಿರುವ ಕಟ್ಟನ್ನು ಕತ್ತರಿಸಬೇಡ, ಗಂಟಿನ ಸಣ್ಣ ತುದಿ ಎಳೆದರೆ ಬಿಚ್ಚಿಕೊಳ್ಳುತ್ತದೆ. ಒಳಗಿರುವುದು ನಿನ್ನ ಕಿತ್ತಳೆ ಬಣ್ಣದ ಕೈಗವಸು. ಆವತ್ತು ಅದು ಕಳೆದಿರಲಿಲ್ಲ ಕಣೇ. ಇಲ್ಲದಿದ್ದರೆ ನೀನು ಕೆಲಸಕ್ಕೆ ಹೋಗುವುದಿಲ್ಲವೇನೋ ಎಂದು ನಾನೇ ಅಕ್ಕಿಡಬ್ಬದ ಹಿಂದೆ ಬಚ್ಚಿಟ್ಟು, ನಿನ್ನ ಜೊತೆ ಮಂಚದ ಕೆಳಗೆ ಹುಡುಕಿದ್ದೆ. ನೀನು ಬರಿಗೈಯಲ್ಲೇ ಹೋದೆ. ಏಳು ವಾರ ಐದು ಗಂಟೆಗೆ ನಾನು ಹಾಕಿಕೊಂಡದ್ದು ಅದನ್ನೇ. ಸೋಪು ಹಾಕಿ ತೊಳೆದಿದ್ದೇನೆ, ಬಲಗೈಯ ಹೆಬ್ಬೆರಳ ಹತ್ತಿರ ಸ್ವಲ್ಪ ಹರಿದಿದೆ. ಹರಿದ ಕೈಗವಸು ಯಾವ ಡಬ್ಬಿಗೆ ಎಂದು ಮೇಷ್ಟ್ರನ್ನು ಕೇಳಿದೆ, ಅವರಿಗೂ ಗೊತ್ತಿಲ್ಲ, ನೀನೇ ಹೇಳು. ಯಾವುದಕ್ಕೂ ಹಾಕುವುದು ಬೇಡ ಎನ್ನಿಸಿದರೆ ಗುರುವಾರ ಬರುವಾಗ ತಂದುಕೊಡು, ಮುಂದಿನ ವಾರ ನಮ್ಮ ಮನೆಯ ಪಾಳಿ.